ಸ್ಟ್ರಾಟೊಕಾಸ್ಟರ್
ಕ್ಯಾಲಿಫೋರ್ನಿಯಾದ ಫುಲರ್ಟನ್ ಪಟ್ಟಣದಲ್ಲಿ ಹಿಂದೆ ರೇಡಿಯೋ ದುರಸ್ತಿಯ ಅಂಗಡಿಯಿಟ್ಟಿದ್ದ, ತಾನೇ ಗಿಟಾರು ನುಡಿಸಲರಿಯದ ಲಿಯೋ ಫೆಂಡರನು, ವಾದಕರ ಕಷ್ಟಗಳನ್ನು ತಾಳ್ಮೆಯಿಂದ ಆಲಿಸಿ, ಸಂಗಡಿಗರೊಡಗೂಡಿ 1954ರಲ್ಲಿ ಲೋಕದ ಕೈಗಿತ್ತ ಸ್ಟ್ರಾಟೊಕಾಸ್ಟರ್, ನನ್ನ ಕಣ್ಣಿಗೆ, ವಿದ್ಯುತ್ ಗಿಟಾರುಗಳಲ್ಲೆಲ್ಲ ಅತ್ಯಂತ ಸುಂದರವಾದುದು. ಟೊಳ್ಳಿಲ್ಲದ ಮರದ ಒಡಲು. ಎದೆಗೂ ಮುಂಗೈಗೂ ಒತ್ತದಂತೆ ಅಂಚುಗಳನ್ನು ನಯವಾಗಿ ಸವರಿದ ಮೈಮಾಟ. ಉಕ್ಕಿನ ತಂತಿ ಮಿಡಿದೊಡನೆ ಅಯಸ್ಕಾಂತ ಕ್ಷೇತ್ರವು ಕದಡಿ, ಸುರುಳಿಯಲ್ಲಿ ಕ್ಷೀಣವಾದ ವಿದ್ಯುತ್ತು ಹುಟ್ಟುವ ಮೂರು ಪಿಕಪ್‌ಗಳು. ಇವುಗಳನ್ನು ಆಯುವ ಸ್ವಿಚ್ಚಿಗೆ ಮೊದಲು ಮೂರೇ ನೆಲೆಗಳಿದ್ದುವು. ವಾದಕರಾದರೋ ಅದನ್ನು ಎರಡು ನೆಲೆಗಳ ನಡುವೆ ಸಿಕ್ಕಿಸಿ ನಿಲ್ಲಿಸಿ, ಹೊಸದೊಂದು ಸ್ಫಟಿಕಸದೃಶ ನಾದವನ್ನು ಕಂಡುಕೊಂಡರು. 1969ರ ವುಡ್‌ಸ್ಟಾಕ್ ಸಂಗೀತೋತ್ಸವದಲ್ಲಿ ಎಡಗೈ ವಾದಕ ಜಿಮಿ ಹೆಂಡ್ರಿಕ್ಸನು, ಬಲಗೈಯವರಿಗೆಂದು ಮಾಡಿದ ಬಿಳಿಯ ಸ್ಟ್ರಾಟೊಕಾಸ್ಟರನ್ನು ತಿರುಗಿಸಿ ಹಿಡಿದು ಅಮೆರಿಕದ ರಾಷ್ಟ್ರಗೀತೆಯನ್ನು ನುಡಿಸುತ್ತ, ಬಾಂಬುಗಳ ಮೊರೆತವನ್ನೂ ಆರ್ತನಾದವನ್ನೂ ಅದೇ ಆರು ತಂತಿಗಳಿಂದ ಹೊಮ್ಮಿಸಿದನು.