ಅರ್ಧ ದುಡ್ಡು ನಮ್ಮದು, ವೇಳಾಪಟ್ಟಿ ಯಾರದು?

ಬೀದರಿನಿಂದ ಕಲಬುರಗಿಗೆ ರೈಲಿನಲ್ಲಿ ಹೋಗಬೇಕೆಂದರೆ 2017ರವರೆಗೆ ನೆರೆ ರಾಜ್ಯವನ್ನು ಹೊಕ್ಕು ಬರಬೇಕಿತ್ತು. ಜಹೀರಾಬಾದ್, ವಿಕಾರಾಬಾದ್, ತಾಂಡೂರು ಸುತ್ತಿ ವಾಡಿಗೆ ಇಳಿದು, ಅಲ್ಲಿಂದ ಕಲಬುರಗಿ. ನಿಜಾಮರ ಕಾಲದ ಹಳಿಗಳು ಹೈದರಾಬಾದಿನ ಕಡೆಗೆ ಮುಖ ಮಾಡಿದ್ದವು. 1956ರಲ್ಲಿ ಎರಡೂ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು, ಹಳಿ ಮಾತ್ರ ಹಳೆಯ ರಾಜಧಾನಿಯನ್ನೇ ನೋಡುತ್ತ ಉಳಿಯಿತು. ಅಕ್ಕಪಕ್ಕದ ಎರಡು ಜಿಲ್ಲಾ ಕೇಂದ್ರಗಳ ನಡುವೆ ಸುಮಾರು 110 ಕಿಲೋಮೀಟರ್ ಹಳಿ ಹಾಕಲು ಅರವತ್ತು ವರ್ಷ ದಾಟಿತು. ತೊಂಬತ್ತರ ದಶಕದಲ್ಲಿ ಮಂಜೂರಾದ ಮಾರ್ಗ 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾಯಿತು. ಸುಮಾರು 370 ಕೋಟಿ ರೂಪಾಯಿಯ ಅಂದಾಜು ಅಷ್ಟರಲ್ಲಿ 1,542 ಕೋಟಿಗೆ ಏರಿತ್ತು.

ಈ ಹಣದಲ್ಲಿ ರಾಜ್ಯದ ಬೊಕ್ಕಸದ ಪಾಲೂ ಇದೆ. ಕರ್ನಾಟಕ ಹಲವು ವರ್ಷಗಳಿಂದ ಅನುಸರಿಸುತ್ತಿರುವ 'ವೆಚ್ಚ ಹಂಚಿಕೆ' ಪದ್ಧತಿಯಲ್ಲಿ ಹೊಸ ಮಾರ್ಗದ ಖರ್ಚನ್ನು ರಾಜ್ಯ ಮತ್ತು ರೈಲ್ವೆ ಅರ್ಧರ್ಧ ಹೊರುತ್ತವೆ. ತುಮಕೂರು–ಚಿತ್ರದುರ್ಗ–ದಾವಣಗೆರೆ, ಗದಗ–ವಾಡಿ, ಕಿತ್ತೂರು ಮೂಲಕ ಹೋಗುವ ಧಾರವಾಡ–ಬೆಳಗಾವಿಯಂತಹ ಯೋಜನೆಗಳಲ್ಲಿ ರಾಜ್ಯ ಭೂಮಿಯನ್ನೂ ಕೊಡಿಸುತ್ತದೆ. ಮಾರ್ಗ ಸಿದ್ಧವಾದ ಮೇಲೆ ಹಳಿ ರೈಲ್ವೆಯದು, ಗಾಡಿ ರೈಲ್ವೆಯದು, ಟಿಕೆಟ್ಟಿನ ಹಣವೂ ರೈಲ್ವೆಯದು.

ಸಂವಿಧಾನದ ಪ್ರಕಾರ ರೈಲು ಕೇಂದ್ರ ಪಟ್ಟಿಯ ವಿಷಯ, ಅದಕ್ಕೆ ರಾಜ್ಯ ಏಕೆ ಕೈಯಿಂದ ಹಾಕಬೇಕು ಎಂಬ ಆಕ್ಷೇಪ ವಿಧಾನಸೌಧದಲ್ಲೂ ಹೊರಗೂ ಕೇಳಿಬರುತ್ತದೆ. ತತ್ತ್ವವಾಗಿ ಅದು ಸರಿ. ಆದರೂ ಹಣ ಕೊಟ್ಟದ್ದು ಒಳ್ಳೆಯದಾಯಿತು ಎಂದೇ ನಾನು ಹೇಳುತ್ತೇನೆ. ಹೊಸ ಮಾರ್ಗಕ್ಕೆ ಒಪ್ಪಿಗೆ ಕೊಡುವ ಮುನ್ನ ಹೂಡಿದ ಹಣಕ್ಕೆ ವರ್ಷಕ್ಕೆ ಶೇ. 14ರಷ್ಟು ಪ್ರತಿಫಲ ಬರುತ್ತದೆಯೇ ಎಂದು ರೈಲ್ವೆ ದಶಕಗಳ ಕಾಲ ಅಳೆದು ನೋಡುತ್ತಿತ್ತು. ಅದಿರು, ಕಲ್ಲಿದ್ದಲು, ಸಿಮೆಂಟ್ ಸಾಗುವ ಕಡೆ ಆ ಲೆಕ್ಕ ಕೂಡುತ್ತದೆ. ಯಲಬುರ್ಗಾ, ಕುಷ್ಟಗಿ, ಲಿಂಗಸುಗೂರು, ಸುರಪುರದಂತಹ ಊರುಗಳಲ್ಲಿ ಅದು ಎಂದಿಗೂ ಕೂಡುವುದಿಲ್ಲ. ಪ್ರಯಾಣದ ಖರ್ಚಿನಲ್ಲಿ ಸರಾಸರಿ ಶೇ. 57 ಮಾತ್ರ ದರದಿಂದ ವಸೂಲಾಗುತ್ತದೆ ಎಂದು ರೈಲ್ವೆ ಟಿಕೆಟ್ಟಿನ ಮೇಲೆಯೇ ಅಚ್ಚು ಹಾಕಿಸಿದ್ದುಂಟು. ಕೊರತೆಯನ್ನು ತುಂಬುವುದು ಗೂಡ್ಸ್ ಗಾಡಿಗಳ ಆದಾಯ. ಹೀಗಿರುವಾಗ ಜನರಷ್ಟೇ ಹತ್ತುವ ಮಾರ್ಗಕ್ಕೆ ಸಾರ್ವಜನಿಕ ಹಣ ಬೇಕೇ ಬೇಕು. ರಾಜ್ಯ ಅರ್ಧ ಹೊರದಿದ್ದರೆ ಇವುಗಳಲ್ಲಿ ಹಲವು ಮಾರ್ಗಗಳು ರೈಲ್ವೆ ಬಜೆಟ್ಟಿನ ಪಿಂಕ್ ಬುಕ್ಕಿನಲ್ಲಿ ಒಂದು ಸಾಲಾಗಿ, ಎದುರಿಗೆ ಸಾವಿರ ರೂಪಾಯಿಯ ಹೆಸರಿಗಷ್ಟೇ ಅನುದಾನವಾಗಿ ಉಳಿದುಬಿಡುತ್ತಿದ್ದವು.

ನನ್ನ ತಕರಾರು ಇರುವುದು ಕೊಟ್ಟ ಹಣಕ್ಕೆ ನಾವು ಏನನ್ನು ಕೇಳಿ ಪಡೆದೆವು ಎಂಬಲ್ಲಿ. ಒಪ್ಪಂದಗಳು ಹಳಿಯ ಉದ್ದ, ಸೇತುವೆ, ನಿಲ್ದಾಣ, ಭೂಮಿಯ ಲೆಕ್ಕದಲ್ಲೇ ಮುಗಿಯುತ್ತವೆ. ದಿನಕ್ಕೆ ಎಷ್ಟು ಗಾಡಿ ಓಡಬೇಕು, ಮೊದಲನೆಯದು ಎಷ್ಟು ಗಂಟೆಗೆ ಹೊರಡಬೇಕು, ಸಂಜೆ ಕೊನೆಯದು ಯಾವಾಗ ಎಂಬ ವಿಷಯದಲ್ಲಿ ಅರ್ಧ ಹಣ ಹಾಕಿದ ಸರ್ಕಾರಕ್ಕೆ ಕಟ್ಟುನಿಟ್ಟಿನ ಹಕ್ಕು ಯಾವುದೂ ಇಲ್ಲ. ಅಣ್ಣತಮ್ಮಂದಿರು ಕೂಡಿ ಬಾವಿ ತೋಡಿಸಿ, ನೀರಿನ ಪಾಳಿಯನ್ನು ಒಬ್ಬನ ಇಷ್ಟಕ್ಕೇ ಬಿಟ್ಟುಕೊಟ್ಟಂತೆ ಇದು.

ಬೀದರ್–ಕಲಬುರಗಿಯಲ್ಲಿ ಇದರ ಫಲ ಎದ್ದು ಕಾಣುತ್ತದೆ. ಬೀದರ್ ದಕ್ಷಿಣ ಮಧ್ಯ ರೈಲ್ವೆಯ ಸಿಕಂದರಾಬಾದ್ ವಿಭಾಗದಲ್ಲಿದೆ, ಕಲಬುರಗಿ ಮಧ್ಯ ರೈಲ್ವೆಯ ಸೋಲಾಪುರ ವಿಭಾಗದಲ್ಲಿ. ಒಂದು ವಲಯದ ಕಚೇರಿ ಸಿಕಂದರಾಬಾದಿನಲ್ಲಿ, ಇನ್ನೊಂದರದು ಮುಂಬಯಿಯಲ್ಲಿ. ನಮ್ಮ ಹುಬ್ಬಳ್ಳಿಯ ನೈಋತ್ಯ ರೈಲ್ವೆಗೆ ಈ ಎರಡು ಊರುಗಳಲ್ಲಿ ಯಾವುದೂ ಸೇರಿಲ್ಲ. ಹುಮನಾಬಾದಿನ ವಿದ್ಯಾರ್ಥಿಗೆ ಬೆಳಗಿನ ಕಾಲೇಜಿಗೆ ಹೊಂದುವ ಗಾಡಿ ಬೇಕಾದರೆ, ಕಮಲಾಪುರದ ರೋಗಿಗೆ ಕಲಬುರಗಿಯ ಆಸ್ಪತ್ರೆಗೆ ಹೋಗಿ ಅಂದೇ ಮರಳುವ ಗಾಡಿ ಬೇಕಾದರೆ, ಎರಡು ವಲಯಗಳ ಒಪ್ಪಿಗೆ, ರೇಕು, ಸಿಬ್ಬಂದಿ ಎಲ್ಲವೂ ಕೂಡಿಬರಬೇಕು. ಎರಡೂ ವಲಯಗಳಿಗೆ ಇದು ಅಂಚಿನ ಮಾರ್ಗ. ಕಲಬುರಗಿಗೆ ಪ್ರತ್ಯೇಕ ವಿಭಾಗ ಬೇಕೆಂಬ ಕೂಗು ಏಕೆ ಇಷ್ಟು ಹಳೆಯದು, ಇಷ್ಟು ಗಟ್ಟಿ ಎಂಬುದು ಇಲ್ಲಿ ಅರ್ಥವಾಗುತ್ತದೆ. ಇಂದಿಗೂ ಈ ಎರಡು ಊರುಗಳ ನಡುವೆ ಜನರನ್ನು ಹೊತ್ತು ಓಡುವುದರಲ್ಲಿ ಬಸ್ಸುಗಳದೇ ಮೇಲುಗೈ. ಅಷ್ಟು ಕೋಟಿ ಸುರಿದು, ಮರಗುತ್ತಿಯ ಬಳಿ ಗುಡ್ಡ ಕೊರೆದು ಸುರಂಗ ಮಾಡಿ, ಹಳಿಯನ್ನು ಹೊತ್ತಿನ ಬಹುಪಾಲು ಖಾಲಿ ಬಿಡುವುದು ನನಗೆ ನೋವಿನ ವಿಷಯ.

ರಾಜ್ಯದ ತಪ್ಪನ್ನೂ ಮುಚ್ಚಿಡಬಾರದು. ಭೂಸ್ವಾಧೀನ ಅದರದೇ ಕೆಲಸ. ಬೆಂಗಳೂರು–ಹಾಸನ ಮಾರ್ಗ ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದ 1996–97ರಲ್ಲಿ ಮಂಜೂರಾಗಿ, ಕುಣಿಗಲ್, ಶ್ರವಣಬೆಳಗೊಳ ದಾಟಿ ಪೂರ್ಣಗೊಂಡದ್ದು 2017ರ ಮಾರ್ಚಿನಲ್ಲಿ. ಸುಮಾರು 413 ಕೋಟಿಯ ಅಂದಾಜು 1,290 ಕೋಟಿ ಆಯಿತು. ತಡವಾದಷ್ಟೂ ಖರ್ಚು ಬೆಳೆಯುತ್ತದೆ, ಬೆಳೆದದ್ದರಲ್ಲಿ ರಾಜ್ಯದ ಪಾಲೂ ಬೆಳೆಯುತ್ತದೆ. ಧಾರವಾಡ–ಬೆಳಗಾವಿ ಮಾರ್ಗವನ್ನೇ ನೋಡಿ. ಈಗ ಲೋಂಡಾ ಸುತ್ತಿ 121 ಕಿಲೋಮೀಟರ್ ಓಡುವ ಗಾಡಿಗೆ ಕಿತ್ತೂರಿನ ಮೂಲಕ 73 ಕಿಲೋಮೀಟರ್ ಸಾಕು. ಕೇಂದ್ರದಲ್ಲಿ ರೈಲ್ವೆ ರಾಜ್ಯ ಸಚಿವರಾಗಿದ್ದ ದಿವಂಗತ ಸುರೇಶ ಅಂಗಡಿಯವರು ಹಟ ಹಿಡಿದು ತಂದ 927 ಕೋಟಿಯ ಯೋಜನೆ ಇದು. ಎರೆಭೂಮಿ ಹೋಗುತ್ತದೆ, ಬೇರೆ ದಾರಿ ನೋಡಿ ಎಂದು ರೈತರು ಪ್ರತಿಭಟಿಸಿದರು. ಅವರ ಮಾತನ್ನು ನಕ್ಷೆ ಬರೆಯುವಾಗಲೇ ಕೂತು ಕೇಳಿದ್ದರೆ ಭೂಸ್ವಾಧೀನದಲ್ಲೇ ಇಷ್ಟು ವರ್ಷ ಸವೆಯುತ್ತಿರಲಿಲ್ಲ. ನೀರಾವರಿ ಹೊಲ ಕಳೆದುಕೊಳ್ಳುವವನ ಸಿಟ್ಟನ್ನು ಅಭಿವೃದ್ಧಿಯ ವಿರೋಧ ಎಂದು ಕರೆಯುವುದು ಅನ್ಯಾಯ.

ಬೇರೆ ದಾರಿಗಳು ನಮ್ಮ ಮುಂದೆಯೇ ಇವೆ. 1990ರಲ್ಲಿ, ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಸಚಿವರಾಗಿದ್ದಾಗ, ಕೊಂಕಣ ರೈಲ್ವೆ ನಿಗಮ ಹುಟ್ಟಿತು. ಮೊದಲ ಬಂಡವಾಳದಲ್ಲಿ ಕೇಂದ್ರದ್ದು ಶೇ. 51, ಮಹಾರಾಷ್ಟ್ರದ್ದು 22, ಕರ್ನಾಟಕದ್ದು 15, ಗೋವಾ ಮತ್ತು ಕೇರಳದ್ದು ತಲಾ 6. ಉಳಿದ ಹಣದ ಬಹುಪಾಲನ್ನು ಬಾಂಡ್‌ಗಳಿಂದ ಎತ್ತಿದರು. ಇ. ಶ್ರೀಧರನ್ ಮುಂದಾಳತ್ವದಲ್ಲಿ 1998ರ ಜನವರಿಯ ಹೊತ್ತಿಗೆ ರೋಹಾದಿಂದ ಮಂಗಳೂರಿನ ಪಕ್ಕದ ತೋಕೂರಿನವರೆಗೆ ಹಳಿ ಕೂಡಿತು. ಅಲ್ಲಿ ಕರ್ನಾಟಕ ಪಾಲುದಾರ. ಕರಾವಳಿಯ ಪ್ರಯಾಣಿಕರ ದೂರುಗಳು ಅದರಿಂದ ಮುಗಿದಿಲ್ಲ ಎಂಬುದೂ ನಿಜ, ಏಕೆಂದರೆ ಶೇರು ಇದ್ದರೆ ಸಾಲದು, ಗಾಡಿಗಳ ಬಗ್ಗೆ ಬರೆದುಕೊಂಡ ಕರಾರು ಬೇಕು. ಜರ್ಮನಿಯಲ್ಲಿ 1996ರಿಂದ ಪ್ರಾದೇಶಿಕ ರೈಲುಗಳ ಹೊಣೆ ರಾಜ್ಯಗಳದು. ಕೇಂದ್ರ ಕೊಡುವ ಹಣದಿಂದ ರಾಜ್ಯಗಳೇ ಇಂಥ ಮಾರ್ಗದಲ್ಲಿ ಇಷ್ಟು ಗಾಡಿ ಎಂದು ಒಪ್ಪಂದ ಮಾಡಿಕೊಳ್ಳುತ್ತವೆ, ಓಡಿಸುವ ಸಂಸ್ಥೆ ಅದಕ್ಕೆ ಬದ್ಧವಾಗಿರಬೇಕು. ಅಲ್ಲಿನ ವ್ಯವಸ್ಥೆಯನ್ನು ಇದ್ದಂತೆಯೇ ಇಲ್ಲಿಗೆ ತರಲಾಗದು, ಆದರೆ ಹಣದ ಜೊತೆಗೇ ಸೇವೆಯ ಕರಾರು ಎಂಬ ಅದರ ತಿರುಳು ನಮಗೆ ಸಲ್ಲುತ್ತದೆ.

ನಮ್ಮ ರಾಜ್ಯ ಕೇಳಬೇಕಾದದ್ದು ದೊಡ್ಡದೇನಲ್ಲ. ಅರ್ಧ ಖರ್ಚು ಹೊತ್ತ ಪ್ರತಿ ಮಾರ್ಗದಲ್ಲಿ ಮೊದಲ ಹತ್ತು ವರ್ಷ ದಿನಕ್ಕೆ ಕನಿಷ್ಠ ಇಷ್ಟು ಪ್ಯಾಸೆಂಜರ್ ಗಾಡಿ, ಬೆಳಗ್ಗೆ ಜಿಲ್ಲಾ ಕೇಂದ್ರಕ್ಕೆ ತಲುಪುವುದೊಂದು, ಸಂಜೆ ಮರಳುವುದೊಂದು ಎಂದು ಒಪ್ಪಂದದಲ್ಲೇ ಬರೆಸಬೇಕು. ನಷ್ಟವಾದರೆ ರಾಜ್ಯ ಅದರ ಒಂದು ಪಾಲನ್ನು ತುಂಬಲಿ. ಸಾವಿರಾರು ಕೋಟಿ ಹಳಿಗೆ ಕೊಡಬಲ್ಲ ಸರ್ಕಾರಕ್ಕೆ ನಾಲ್ಕು ಡೆಮು ಗಾಡಿಗಳ ನಷ್ಟ ಭಾರವಾಗದು.

2025ರ ಮೇ ತಿಂಗಳಲ್ಲಿ ಗದಗ–ವಾಡಿ ಮಾರ್ಗದ ಮೊದಲ ಭಾಗ ತೆರೆದು ಕುಷ್ಟಗಿಯಿಂದ ಹುಬ್ಬಳ್ಳಿಗೆ ಗಾಡಿ ಹೊರಟಿತು. ಲಿಂಗಸುಗೂರು, ಸುರಪುರದ ಕಡೆಯ ಕೆಲಸ ಮುಗಿಯುವ ಮುನ್ನವೇ ಈ ಕರಾರು ಸಹಿಯಾಗಬೇಕು. ಆ ತಾಲೂಕುಗಳ ಜನರಲ್ಲಿ ನನ್ನ ವಿನಂತಿ ಇಷ್ಟೇ: ಶಾಸಕರು, ಸಂಸದರು ಎದುರಾದಾಗ ಹಳಿ ಯಾವಾಗ ಬರುತ್ತದೆ ಎಂದು ಕೇಳುವುದರ ಜೊತೆಗೆ, ದಿನಕ್ಕೆ ಎಷ್ಟು ಗಾಡಿ, ಯಾವ ಹೊತ್ತಿಗೆ ಎಂದೂ ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ.