ಒಳಲೆಯ ಹನಿ

ಬೆಳ್ಳಿಯದಿರಲಿ, ಸ್ಟೀಲಿನದಿರಲಿ, ಒಳಲೆಯಷ್ಟು ಅಚ್ಚುಕಟ್ಟಾದ ಸಾಧನ ಅಪರೂಪ. ಅಂಗೈಯಲ್ಲಿ ಕೂರುವ ಪುಟ್ಟ ಬಟ್ಟಲು, ಒಂದು ಕಡೆ ನೀಳ ಮೂತಿ, ಅಷ್ಟೆ. ಅಜ್ಜಿಯರು ಕೂಸಿಗೆ ಹಾಲು ಕುಡಿಸಿದ್ದು ಇದರಲ್ಲೇ. ಬ್ಯಾಡಗಿ, ರಾಣೆಬೆನ್ನೂರಿನಿಂದ ಹಾವೇರಿ ಜಿಲ್ಲಾಸ್ಪತ್ರೆಗೆ ಬರುವ ದಿನ ತುಂಬದ ಕೂಸಿಗೂ ಬೇಕಾದದ್ದು ಇದೇ.

ಚೀಪುವುದು, ನುಂಗುವುದು, ಉಸಿರಾಡುವುದು ಮೂರೂ ಒಂದೇ ಲಯಕ್ಕೆ ಕೂಡಿಬರಲು ಬಸಿರಿನ ಲೆಕ್ಕದಲ್ಲಿ ಸುಮಾರು 34 ವಾರ ತುಂಬಬೇಕು. 32ನೇ ವಾರದ ಹೊತ್ತಿಗೆ ನುಂಗಲು ಬರುತ್ತದೆ, ಮೊಲೆ ಚೀಪುವ ಕಸುವು ಸಾಲದು. ಆ ನಡುವಿನ ದಿನಗಳನ್ನು ದಾಟಿಸುವುದೇ ಒಳಲೆ.

ಪಳಗಿದ ಸಿಸ್ಟರ್ ಕೈ ನೋಡಬೇಕು. ಕೂಸಿನ ತಲೆಯನ್ನು ತುಸು ಎತ್ತಿ ಹಿಡಿದು, ಮೂತಿಯನ್ನು ತುಟಿಯಂಚಿಗೆ ಆನಿಸುತ್ತಾರೆ. ತಾಯಿ ಹಿಂಡಿಕೊಟ್ಟ ಹಾಲು ಹನಿಹನಿಯಾಗಿ ಇಳಿಯುತ್ತದೆ. ಗಂಟಲು ಅಲುಗಿತು, ನುಂಗಿತು. ಆಮೇಲೆಯೇ ಇನ್ನೊಂದು ಹನಿ. ನಿದ್ದೆಗೆ ಜಾರಿದರೆ ಅಂಗಾಲು ಸವರುತ್ತಾರೆ. ಅವಸರದಲ್ಲಿ ಸುರಿದರೆ ಹಾಲು ಶ್ವಾಸಕ್ಕೆ ಹೋದೀತು. ಈ ತಾಳ್ಮೆಗೆ ನಾನು ಕೈಮುಗಿಯುತ್ತೇನೆ.

ಮನೆಯಲ್ಲಿ ಹಳೆಯ ಒಳಲೆ ಇದ್ದರೆ ಜೋಪಾನ ಮಾಡಿ. ಬಳಸುವ ಮುನ್ನ ಪ್ರತಿ ಸಲ ತೊಳೆದು 20 ನಿಮಿಷ ಕುದಿಸಿ. ದಿನ ತುಂಬದ ಕೂಸಿಗಾದರೆ, ಕುಡಿಸುವ ಬಗೆಯನ್ನು ಮೊದಲು ಸಿಸ್ಟರ್ ಹತ್ತಿರ ನಿಂತು ಕಲಿಯಿರಿ.