ಆಲ್ಟರ್ನೇಟರ್ ಹೊಸದು, ತಂತಿ ಹಳೆಯದು

ಹಳೆಯ ಅಂಬಾಸಡರ್ ಸಾಕುವವರು ಇಬ್ಬರು ಒಂದೆಡೆ ಸೇರಿದರೆ ಮಾತು ಡೈನಮೋಗೆ ಬರಲು ಹೆಚ್ಚು ಹೊತ್ತು ಬೇಡ. ‘ಅದನ್ನು ಕಿತ್ತು ಮಾರುತಿ ಆಲ್ಟರ್ನೇಟರ್ ಕೂರಿಸಿಬಿಡಿ ಸಾರ್’ ಎನ್ನುವುದು ಈಗ ಸಲಹೆಯಾಗಿ ಉಳಿದಿಲ್ಲ, ರೂಢಿಯೇ ಆಗಿಬಿಟ್ಟಿದೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಹೆಡ್‌ಲೈಟು, ವೈಪರು ಹಾಕಿಕೊಂಡು ನಿಂತರೆ ಐಡ್ಲಿಂಗ್‌ನಲ್ಲಿ ಡೈನಮೋ ಚಾರ್ಜ್ ಮಾಡುವುದೇ ಇಲ್ಲ. ಬ್ಯಾಟರಿ ಇಳಿಯುತ್ತಾ ಹೋಗುತ್ತದೆ. ಹಾಗಾಗಿ ಬದಲಾವಣೆ ಸರಿಯೇ. ಆದರೆ ನಮ್ಮಲ್ಲಿ ನಡೆಯುತ್ತಿರುವ ಈ ಕೆಲಸದ ಬಹುಪಾಲು ಅರ್ಧಕ್ಕೇ ನಿಲ್ಲುತ್ತದೆ. ಬ್ರಾಕೆಟ್ ಬೆಸುಗೆ ಹಾಕಿ, ಬೆಲ್ಟ್ ಬಿಗಿದು, ಡ್ಯಾಶ್‌ಬೋರ್ಡಿನ ಕೆಂಪು ದೀಪ ಆರಿದ್ದು ಕಂಡ ಕೂಡಲೇ ಬಾನೆಟ್ ಮುಚ್ಚುತ್ತಾರೆ. ಆಲ್ಟರ್ನೇಟರಿನಿಂದ ಬ್ಯಾಟರಿಗೆ ಹೋಗುವ ತಂತಿಯನ್ನು ಯಾರೂ ಕೇಳುವುದಿಲ್ಲ.

ಮೊದಲು ಹಳೆಯ ಏರ್ಪಾಡಿಗೆ ಸಲ್ಲಬೇಕಾದ ಗೌರವ ಸಲ್ಲಿಸೋಣ. ಮಾರಿಸ್ ಆಕ್ಸ್‌ಫರ್ಡ್ ಪೀಳಿಗೆಯ ಬ್ರಿಟಿಷ್ ಗಾಡಿಗಳಲ್ಲಿ ಸಾಮಾನ್ಯವಾಗಿದ್ದ ಲೂಕಾಸ್ ಸಿ40 ಡೈನಮೋ ಕೊಡುತ್ತಿದ್ದದ್ದು ಸುಮಾರು 22 ಆಂಪಿಯರ್. ಅದರ ಮುಖ್ಯ ತಂತಿಯಲ್ಲಿ 0.012 ಇಂಚಿನ 44 ಎಳೆಗಳು, ಅಂದರೆ ಇಂದಿನ ಲೆಕ್ಕದಲ್ಲಿ ಸುಮಾರು 3 ಚದರ ಮಿಲಿಮೀಟರ್. ಅದು ತಾಳಿಕೊಳ್ಳುವುದು 27 ಆಂಪಿಯರ್ ಆಸುಪಾಸು. ಡೈನಮೋ ಎಷ್ಟೇ ಬೆವರಿದರೂ ತಂತಿಯ ಶಕ್ತಿ ಮೀರುವಂತಿರಲಿಲ್ಲ. ಪೈಸೆಗೆ ಪೈಸೆ ಲೆಕ್ಕ ಹಾಕಿ ಮಾಡಿದ ಜೋಡಿ ಅದು. ಫ್ಯೂಸುಗಳು ಎರಡೇ. ಹೆಡ್‌ಲೈಟಿಗೆ ಫ್ಯೂಸೇ ಇರಲಿಲ್ಲ. ರಾತ್ರಿ ತಿರುವಿನಲ್ಲಿ ಏಕಾಏಕಿ ಕತ್ತಲಾಗಬಾರದೆಂಬುದು ಅಂದಿನ ವಾದ. ಬ್ಯಾಟರಿಯಿಂದ ಬರುವ ಕಂದು ಬಣ್ಣದ ತಂತಿಗಳೂ ಫ್ಯೂಸ್ ಕಾಣದವೇ. ನನಗೆ ಈ ಧೈರ್ಯ ಅಂದಿಗೂ ಸ್ವಲ್ಪ ಅತಿಯೆನಿಸುತ್ತದೆ.

ಈಗ ಅದೇ ತಂತಿಯ ತುದಿಗೆ 45 ಆಂಪಿಯರಿನ ಆಲ್ಟರ್ನೇಟರ್ ಸಿಕ್ಕಿಸಿದ್ದಾರೆ ಎಂದುಕೊಳ್ಳಿ. ಮೆಕ್ಯಾನಿಕ್‌ಗಳು ಕಟೌಟ್ ಎನ್ನುವ ರೆಗ್ಯುಲೇಟರ್ ಡಬ್ಬಿಯ ಮುಚ್ಚಳ ತೆಗೆದು, ಡಿ ಮತ್ತು ಎ ಟರ್ಮಿನಲ್‌ಗಳ ನಡುವೆ ತುಂಡು ತಂತಿಯೊಂದನ್ನು ಸೇರಿಸಿದರೆ ಕೆಲಸ ಮುಗಿಯಿತು. ಎರಡು ಮೀಟರ್ ಉದ್ದದ ಆ 3 ಸ್ಕ್ವೇರ್ ತಂತಿಯಲ್ಲಿ 45 ಆಂಪಿಯರ್ ಹರಿದರೆ ಅರ್ಧ ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಆಲ್ಟರ್ನೇಟರ್ ತನ್ನ ಬಾಗಿಲಲ್ಲಿ 14.2 ವೋಲ್ಟ್ ಅಳೆದು ಸುಮ್ಮನಾಗುತ್ತದೆ, ಬ್ಯಾಟರಿಗೆ ತಲಪುವುದು 13.7. ಕಳೆದ ಅರ್ಧ ವೋಲ್ಟು ಸುಮಾರು 23 ವ್ಯಾಟ್ ಶಾಖವಾಗಿ, ಅಂದರೆ ಬ್ರೇಕ್ ಲೈಟಿನ ಒಂದು ಬಲ್ಬಿನಷ್ಟು, ಟೇಪು ಸುತ್ತಿದ ಹಾರ್ನೆಸ್ಸಿನೊಳಗೆ ಕೂತಿರುತ್ತದೆ. ಅಷ್ಟು ಕರೆಂಟು ಯಾವಾಗಲೂ ಹರಿಯುವುದಿಲ್ಲವಲ್ಲ ಎಂಬ ಸಮಾಧಾನವನ್ನು ಕೇಳಿದ್ದೇನೆ. ನಿಜ. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತು ಬ್ಯಾಟರಿ ಕುಸಿದ ಗಾಡಿಯನ್ನು ತಳ್ಳಿ ಸ್ಟಾರ್ಟ್ ಮಾಡಿದ ದಿನ ಮಾತ್ರ ಹರಿಯುತ್ತದೆ. ಹಳೆಯ ಗಾಡಿಗಳ ಬದುಕಿನಲ್ಲಿ ಆ ದಿನ ಪದೇ ಪದೇ ಬರುತ್ತದೆ.

ಅಮ್ಮೀಟರ್ ಇರುವ ಗಾಡಿಯಲ್ಲಿ ಡ್ಯಾಶ್‌ಬೋರ್ಡಿನ ಹಿಂದೆ ಒಮ್ಮೆ ಟಾರ್ಚ್ ಬಿಟ್ಟು ನೋಡಿ. ಚಾರ್ಜಿನ ಕರೆಂಟು ಪೂರ್ತಿ ಅದರ ಎರಡು ಸ್ಟಡ್ಡುಗಳ ಮೂಲಕವೇ ಹಾಯಬೇಕು. ನಟ್ಟು ಸಡಿಲವಾದ ಕಡೆ ಥಿಂಬಲ್ಲಿನ ಹಿತ್ತಾಳೆ ನೀಲಿ-ಕಪ್ಪಾಗಿ, ಅದಕ್ಕೆ ತಾಗಿದ ಅರ್ಧ ಇಂಚು ಇನ್ಸುಲೇಷನ್ ಗಟ್ಟಿಯಾಗಿ, ಉಗುರು ತಾಗಿಸಿದರೆ ಹೊಟ್ಟಿನಂತೆ ಉದುರುತ್ತದೆ. ಒಳಗೆ ತಾಮ್ರ ಹೊಳಪು ಕಳೆದುಕೊಂಡು ಕಪ್ಪಗಿರುತ್ತದೆ. ಆ ಮೀಟರನ್ನು ಅಲಂಕಾರಕ್ಕೆ ಬಿಟ್ಟು ಚಾರ್ಜಿಂಗ್ ದಾರಿಯಿಂದ ಹೊರಗಿಡುವುದು, ಬೇಕಿದ್ದರೆ ಮೂಲೆಯಲ್ಲೊಂದು ವೋಲ್ಟ್‌ಮೀಟರ್ ಸಿಕ್ಕಿಸುವುದು ವಾಸಿ.

ಸರಿಯಾದ ಕೆಲಸ ದುಬಾರಿಯದೇನಲ್ಲ. ಆಲ್ಟರ್ನೇಟರಿನಿಂದ ಸ್ಟಾರ್ಟರ್ ಸೊಲೆನಾಯ್ಡಿನ ಬ್ಯಾಟರಿ ಬದಿಗೆ ಎಣ್ಣೆ, ಶಾಖ ತಡೆಯುವ 10 ಸ್ಕ್ವೇರಿನ ಗಾಡಿ ತಂತಿಯೊಂದನ್ನು ನೇರವಾಗಿ ಎಳೆದರೆ ನಷ್ಟ 0.15 ವೋಲ್ಟಿಗೆ ಇಳಿಯುತ್ತದೆ. ಮನೆ ವೈರಿಂಗಿನ ತಂತಿ ಬೇಡ. ಥಿಂಬಲ್ಲನ್ನು ಕಟಿಂಗ್ ಪ್ಲೇಯರಿನಿಂದ ಚಪ್ಪಟೆ ಮಾಡದೆ ಕ್ರಿಂಪಿಂಗ್ ಟೂಲಿನಿಂದಲೇ ಒತ್ತಿಸಿ.

ಫ್ಯೂಸಿನ ವಿಷಯದಲ್ಲಿ ಗೊಂದಲ ಹೆಚ್ಚು. ಹಾಕುವ ಕೆಲವರೂ ಆಲ್ಟರ್ನೇಟರಿನ ಪಕ್ಕದಲ್ಲಿ ಹಾಕುತ್ತಾರೆ. ಆಲ್ಟರ್ನೇಟರ್ ತನ್ನ ಮಿತಿ ಮೀರಿ ಕೊಡಲಾರದು. ತಂತಿ ಸವೆದು ಬಾಡಿಗೆ ತಾಗಿದರೆ ನೂರಾರು ಆಂಪಿಯರ್ ಸುರಿಯುವುದು ಬ್ಯಾಟರಿ. ಆದ್ದರಿಂದ ಫ್ಯೂಸ್ ಇರಬೇಕಾದದ್ದು ಬ್ಯಾಟರಿ ತುದಿಯಲ್ಲಿ. 45ರ ಆಲ್ಟರ್ನೇಟರಿಗೆ ಬೋಲ್ಟಿನಲ್ಲಿ ಬಿಗಿಯುವ 60ರ ಫ್ಯೂಸ್ ಸರಿ. ಜಾಗ್ರತೆಗೆಂದು 40 ಹಾಕುವುದು ತಪ್ಪು: ಓಡುತ್ತಿರುವಾಗ ಅದು ಹಾರಿದರೆ ಬ್ಯಾಟರಿಯ ಆಸರೆ ತಪ್ಪಿ, ವೋಲ್ಟೇಜ್ ಜಿಗಿದು ಡಯೋಡುಗಳು ಸುಡಬಹುದು.

ಹಳೆಯ ಫ್ಯೂಸ್ ಬಾಕ್ಸಿನಲ್ಲೂ ಒಂದು ಬಲೆಯಿದೆ. ಲೂಕಾಸ್ ಗಾಜಿನ ಫ್ಯೂಸಿನ ಮೇಲಿನ 35 ಅದು ಹಾರುವ ಅಂಕಿ. ನಿರಂತರವಾಗಿ ಹೊರುವುದು 17 ಮಾತ್ರ. ಇವತ್ತು ಅಂಗಡಿಯಲ್ಲಿ 35 ಎಂದು ಕೇಳಿ ತಂದರೆ ಅದು ನಿರಂತರವಾಗಿಯೇ 35 ಹೊರುವ ಫ್ಯೂಸ್. ರಕ್ಷಣೆ ಅರ್ಧಕ್ಕರ್ಧ ಹೋಯಿತು. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತುವ ವಿದ್ಯೆಯ ಬಗ್ಗೆ ನಾನು ಬರೆಯಬೇಕಿಲ್ಲ.

ಇನ್ನೆರಡು ಮಾತು. ಪಾಸಿಟಿವ್ ಅರ್ಥಿನ ಗಾಡಿಯಾದರೆ ಮೊದಲು ನೆಗೆಟಿವ್ ಅರ್ಥ್ ಮಾಡಿಸದೆ ಆಲ್ಟರ್ನೇಟರ್ ಮುಟ್ಟಬೇಡಿ. ಚಾರ್ಜ್ ದೀಪದ ಜಾಗಕ್ಕೆ ಎಲ್‌ಇಡಿ ಹಾಕಬೇಡಿ, ಆ 2.2 ವ್ಯಾಟ್ ಬಲ್ಬಿನ ಮೂಲಕ ಬರುವ ಚೂರು ಕರೆಂಟಿನಿಂದಲೇ ಆಲ್ಟರ್ನೇಟರ್ ಎಚ್ಚರಗೊಳ್ಳುವುದು.

ಅಸಲಿತನ ಕೆಟ್ಟಿತು ಎನ್ನುವವರಿಗೂ ಉತ್ತರವಿದೆ. 50 ವರ್ಷ ದಾಟಿದ ವಾಹನಗಳಿಗೆ ‘ವಿಎ’ ಸಂಖ್ಯೆ ಕೊಡುವ 2021ರ ಕೇಂದ್ರದ ನಿಯಮ ಹೆಸರಿಸಿ ಹೇಳುವುದು ಷಾಸಿ, ಬಾಡಿ, ಎಂಜಿನ್ ಬದಲಾವಣೆಯನ್ನು. ಬಿಚ್ಚಿದ ಡೈನಮೋ, ಕಟೌಟ್ ಡಬ್ಬಿಗಳನ್ನು ಗುಜರಿಗೆ ಹಾಕದೆ ಎತ್ತಿಟ್ಟರೆ, ಹಳೆಯ ಹಾರ್ನೆಸ್ಸನ್ನು ಕತ್ತರಿಸದೆ ಹೊಸ ತಂತಿಯನ್ನು ಪಕ್ಕದಲ್ಲೇ ಎಳೆದರೆ, ಯಾವಾಗ ಬೇಕಾದರೂ ಹಿಂದಿನಂತೆ ಮಾಡಬಹುದು. ತಂತಿ, ಫ್ಯೂಸು ಬದಲಿಸುವ ಮನಸ್ಸಿಲ್ಲದವರು ಡೈನಮೋಗೆ ಹೊಸ ಕಾರ್ಬನ್ ಬ್ರಷ್ ಹಾಕಿಸಿಕೊಂಡು ಅದರಲ್ಲೇ ಓಡಿಸುವುದು ಮೇಲು.

ಆಲ್ಟರ್ನೇಟರ್ ಈಗಾಗಲೇ ಹಾಕಿಸಿದ್ದರೆ ಬಾನೆಟ್ ಎತ್ತಿ, ಅದರ ದಪ್ಪ ಟರ್ಮಿನಲ್ಲಿನಿಂದ ಹೊರಟ ತಂತಿಯನ್ನು ಬೆರಳಿನಿಂದ ಹಿಂಬಾಲಿಸಿ. ಬ್ಯಾಟರಿಯವರೆಗೂ ಫ್ಯೂಸ್ ಸಿಗದಿದ್ದರೆ, ಹಾಕಿಸುವ ತನಕ ರಾತ್ರಿ ಗಾಡಿ ನಿಲ್ಲಿಸಿದ ಮೇಲೆ ಬ್ಯಾಟರಿಯ ಅರ್ಥ್ ಕ್ಲಾಂಪ್ ಬಿಚ್ಚಿಡಿ.